ಸೊಟ್ಟ ಬಾಯಿಗೆ ರವಿವಾರದ ಬರೆ

ನನ್ನ ಬಾಯಿ ಸೊಟ್ಟಗಾದದ್ದು ಒಂದು ಸೋಮವಾರ ಬೆಳಗ್ಗೆ ಗೊತ್ತಾಯಿತು. ಹಲ್ಲು ತಿಕ್ಕಿ ಬಾಯಿ ಮುಕ್ಕಳಿಸಿ ಮುಂದಕ್ಕೆ ಉಗುಳಿದೆ. ನೀರು ಮುಂದಕ್ಕೆ ಹೋಗದೆ ಎಡಗಡೆ ಸೋರಿ ಕುಬುಸದ ಮೇಲೆ ಇಳಿಯಿತು. ನಿದ್ದೆಗಣ್ಣು ಇರಬೇಕೆಂದು ಇನ್ನೊಮ್ಮೆ ಮುಕ್ಕಳಿಸಿದೆ. ಮತ್ತೆ ಹಾಗೆಯೇ. ನಲ್ಲಿಯ ಕೆಳಗೆ ಕೊಡ ಇಟ್ಟು ನಿಂತಿದ್ದ ಮಾಲಕೀಣಬಾಯಿ, ಅಂದರೆ ನಾವು ಬಾಡಿಗೆಗಿದ್ದ ವಾಡೆಯ ಒಡತಿ, ನನ್ನ ಮುಖ ನೋಡಿ, "ಅಗ್ಗಬಾಯಿ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು. ಕೊಡ ತುಂಬಿ ಹರಿಯುತ್ತಿದ್ದರೂ ಅವರಿಗೆ ಎಚ್ಚರವಿರಲಿಲ್ಲ. ಆ ಹೆಂಗಸು ಒಂದು ಹನಿ ನೀರು ಪೋಲಾದರೂ ಬಾಡಿಗೆದಾರರ ಮೇಲೆ ಹರಿಹಾಯುವಂಥವರು. ಹಾಗಾಗಿ ನನಗೆ ಏನೋ ದೊಡ್ಡದೇ ಆಗಿದೆ ಎಂದು ಅರ್ಥವಾಯಿತು.

ಒಳಗೆ ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಯಾಕ, ಮಾರಿ ಹಂಗ್ಯಾಕ ಮಾಡಿ? ಅಣಕಸಾಕ ಹತ್ತೀಯೇನು?"

"ಇಲ್ಲರಿ ಅತ್ತಿ. ಸುಮ್ಮನ ನಿಂತೇನಿ."

"ಸುಮ್ಮನ ನಿಂತರ ಬಾಯಿ ಹಂಗ ಇರತದೇನು? ನೆಟ್ಟಗ ಹಿಡಿ."

ನೆಟ್ಟಗೆ ಹಿಡಿಯಲು ನೋಡಿದೆ. ಬಲಗಡೆ ಹಿಡಿಯಿತು, ಎಡಗಡೆ ಹಿಡಿಯಲಿಲ್ಲ. ಅತ್ತೆಯ ಕೈಯ ರೊಟ್ಟಿ ಹಾಗೆಯೇ ನಿಂತಿತು.

ನಮ್ಮದು ಪುಣೆಯಲ್ಲಿ ಖಣದ ವ್ಯಾಪಾರ. ಮಾವ ಬೆಳಗಾವಿ ಕಡೆಯಿಂದ ಗಂಟು ಹೊತ್ತು ಬಂದವರು. ಪೇಟೆಯಲ್ಲಿ ಸಣ್ಣ ಅಂಗಡಿ ಹಿಡಿದು, ಮರಾಠಿ ಹೆಂಗಸರಿಗೆ ಕುಬುಸದ ಬಟ್ಟೆ ಮಾರಿ ನಿಂತವರು. ನನ್ನ ಗಂಡ ಅದೇ ಅಂಗಡಿಯಲ್ಲಿ ತಂದೆಯ ಹಿಂದೆ ಕೂರುತ್ತಿದ್ದರು. ಹಿಂದೆ ಎಂದರೆ ನಿಜವಾಗಿಯೂ ಹಿಂದೆ. ಗಿರಾಕಿಗೆ ಅವರ ತಲೆಯಷ್ಟೇ ಕಾಣುತ್ತಿತ್ತು. ಮನೆಯಲ್ಲಿ ನಾವು ನಾಲ್ವರು, ವಾಡೆಯ ಹಿತ್ತಲಲ್ಲಿ ಒಂದು ಆಕಳು. ನಾನು ಬಂದು ಮೂರು ವರ್ಷವಾಗಿತ್ತು, ನನಗೆ ಹದಿನೆಂಟೋ ಹತ್ತೊಂಬತ್ತೋ. ಓದಿದ್ದು ಕನ್ನಡ ಎರಡನೇ ಇಯತ್ತೆ. ಅಷ್ಟಕ್ಕೇ ನಮ್ಮಪ್ಪ ಸಾಕು ಅಂದ, ನನಗೂ ಸಾಕಾಗಿತ್ತು.

ಆಕಳು ಹಿಂಡುವುದು ನನ್ನ ಕೆಲಸ. ಅತ್ತೆಗೆ ಮೊಣಕಾಲು ನೋವು, ಕುಕ್ಕರಗಾಲಲ್ಲಿ ಕೂರಲು ಬರುತ್ತಿರಲಿಲ್ಲ. ಆಕಳೋ ಒದೆಯುವ ಜಾತಿ. ನಮ್ಮವ್ವ ನನಗೆ ಒಂದು ರೀತಿ ಹೇಳಿಕೊಟ್ಟಿದ್ದಳು: ಕಿವಿಯನ್ನು ಆಕಳ ಪಕ್ಕೆಗೆ ಒತ್ತಿ ಕೂತು ಹಿಂಡಬೇಕು, ಒದೆಯುವ ಮುಂಚೆ ಅದರ ಮೈ ಬಿಗಿಯುತ್ತದೆ, ಅದು ಕಿವಿಗೆ ತಿಳಿಯುತ್ತದೆ, ಆಗ ಚರಿಗೆ ಎತ್ತಿಕೊಂಡು ಹಿಂದೆ ಸರಿಯಬೇಕು. ಹಿತ್ತಲಲ್ಲಿ ಗಂಡಸರು ಇರುವುದಿಲ್ಲವಾದ್ದರಿಂದ ತಲೆಯ ಮೇಲಿನ ಸೆರಗನ್ನು ಸರಿಸಿ, ಎಡಗಿವಿ ಒತ್ತಿ, ಮುಂದೆ ಕಟ್ಟಿದ ಕರುವನ್ನು ನೋಡುತ್ತ ಹಿಂಡುತ್ತಿದ್ದೆ. ಮೂರು ವರ್ಷದಲ್ಲಿ ಒಂದು ಸಲವೂ ಹಾಲು ಚೆಲ್ಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳಲಿಲ್ಲ.

ಬಾಯಿ ಸೊಟ್ಟಗಾಗುವುದಕ್ಕೆ ನಾಲ್ಕು ದಿನ ಮುಂಚೆ ಆ ಎಡಗಿವಿಯಲ್ಲಿ ಕರಕರ ಶುರುವಾಗಿತ್ತು. ಯಾರೋ ಒಳಗೆ ಕೂತು ಹಪ್ಪಳ ತಿಂದ ಹಾಗೆ. ಎರಡು ದಿನಕ್ಕೆ ಕರಕರ ನಿಂತು ನೋವು ಹಿಡಿಯಿತು. ಅತ್ತೆಗೆ ಹೇಳಿದೆ. ಅವರು ಇಂಗನ್ನು ಅರಳೆಯಲ್ಲಿ ಸುತ್ತಿ, ಉಂಡೆ ಮಾಡಿ, ಕಿವಿಗೆ ಗಟ್ಟಿಯಾಗಿ ತುರುಕಿ, "ಆತು, ಇನ್ನ ಕಿವಿ ಸುದ್ದಿ ತಗೀಬ್ಯಾಡ" ಅಂದರು. ಅತ್ತೆ ಔಷಧಿ ಮಾಡಿದರೆಂದರೆ ಆ ರೋಗ ಮುಗಿಯಿತು ಎಂದೇ ಲೆಕ್ಕ. ರೋಗ ಆಮೇಲೂ ಉಳಿದರೆ ಅದು ರೋಗಿಯ ಹಟ.

ಮೊದಲು ಬಂದವರು ಮಾವನಿಗೆ ಗುರುತಿನ ವೈದ್ಯರು. ನಾಡಿ ಹಿಡಿದು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ, ಮಲಗಿದರೋ ಏನೋ ಅಂದುಕೊಂಡೆ. ಆಮೇಲೆ "ವಾಯು" ಅಂದರು. ಕೆನ್ನೆಗೆ ತಿಕ್ಕಲು ಎಣ್ಣೆ ಕೊಟ್ಟರು, ಮೊಸರು ಬಿಡಿಸಿದರು. ಎಣ್ಣೆ ತಿಕ್ಕಿದ್ದರಿಂದ ಕೆನ್ನೆ ಹೊಳೆಯಿತು, ನೆಟ್ಟಗಾಗಲಿಲ್ಲ. ಎಡಗಣ್ಣು ಮುಚ್ಚುತ್ತಿರಲಿಲ್ಲ, ದಿನವಿಡೀ ನೀರು ಸುರಿಸುತ್ತಿತ್ತು. ಅನ್ನ ಎಡಗಡೆಗೆ ಹೋದರೆ ಕೆನ್ನೆಯೊಳಗೇ ಕೂತುಬಿಡುತ್ತಿತ್ತು, ಬೆರಳು ಹಾಕಿ ತೆಗೆಯಬೇಕು. ನಾನು ಬಲಗಡೆಯಿಂದ ಉಣ್ಣಲು ಕಲಿತೆ. ಹಸಿವು ಮಾತ್ರ ಎರಡೂ ಕಡೆಯದು ಆಗುತ್ತಿತ್ತು. ಅತ್ತೆ ಅದನ್ನೂ ಹೇಳಿ ತೋರಿಸಿದರು: "ಬಾಯಿ ಅರ್ಧ ಆದರೂ ರೊಟ್ಟಿ ಅಷ್ಟ ಹೋಗತಾವ ನೋಡು."

ಬುಧವಾರ ನನ್ನ ಗಂಡ, ಅದು ಹೇಗೆ ಧೈರ್ಯ ಬಂತೋ, ಒಬ್ಬ ಮರಾಠಿ ಡಾಕ್ಟರನ್ನು ಟಾಂಗಾದಲ್ಲಿ ಕರೆದುತಂದರು. ಕೋಟು, ಕರಿ ಟೊಪ್ಪಿಗೆ, ಕೈಯಲ್ಲಿ ಚರ್ಮದ ಚೀಲ. ಅತ್ತೆ ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ, ಸೆರಗನ್ನು ಹುಬ್ಬಿನವರೆಗೆ ಎಳೆದು, ಕಿವಿ ಕತ್ತು ಎಲ್ಲ ಸುತ್ತಿ, ಮುಖ ಮಾತ್ರ ಹೊರಗೆ ಬಿಟ್ಟರು. ಮುಖ ತೋರಿಸಲೇಬೇಕಲ್ಲ, ರೋಗ ಅಲ್ಲಿತ್ತು.

ಡಾಕ್ಟರು ಸೆರಗನ್ನು ಒಂದಿಷ್ಟು ಮೇಲೆ ಸರಿಸಲು ಹೇಳಿದರು. ಅತ್ತೆ ಒಂದು ಬೆರಳಿನಷ್ಟು ಸರಿಸಿದರು. ಹುಬ್ಬು ಏರಿಸು ಅಂದರು, ಏರಿಸಿದೆ. ಬಲಗಡೆ ಹಣೆ ಗೆರೆ ಗೆರೆಯಾಯಿತು, ಎಡಗಡೆ ಸಾರಿಸಿದ ನೆಲದ ಹಾಗೆ ಇತ್ತಂತೆ. ಕಣ್ಣು ಮುಚ್ಚು, ಹಲ್ಲು ತೋರಿಸು, ಕೆನ್ನೆ ಉಬ್ಬಿಸು ಅಂದರು. ಅವರ ಎರಡು ಬೆರಳು ಹಿಡಿದು ಹಿಂಡು ಅಂದರು. ದಿನಾ ಆಕಳು ಹಿಂಡುವ ಕೈ, ಹಿಂಡಿದೆ. ಅವರು ಬೆರಳು ಬಿಡಿಸಿಕೊಂಡು ಜಾಡಿಸಿದರು. ಆಮೇಲೆ, "ಶೀಳ ವಾಜವಾ" ಅಂದರು. ಸಿಳ್ಳೆ ಹಾಕಬೇಕಂತೆ!

ಮಾವ ಎದ್ದು ಹೊರಗೆ ಹೋದರು. ಅತ್ತೆ ಕನ್ನಡದಲ್ಲಿ, "ಸೊಸಿ ಸೀಟಿ ಹೊಡೀಬೇಕಂತ! ಇದ್ಯಾವ ಡಾಕ್ಟರಕಿನೋ ಯಪ್ಪಾ!" ಎಂದು ಮಗನ ಕಡೆ ನೋಡಿದರು. ಮಗ ಗೋಡೆ ನೋಡಿದರು. ನಿಜ ಹೇಳಬೇಕೆಂದರೆ ತವರಿನಲ್ಲಿ ನಾನು ಗಂಡುಹುಡುಗರಿಗಿಂತ ಚೆನ್ನಾಗಿ ಸಿಳ್ಳೆ ಹಾಕುತ್ತಿದ್ದೆ. ಅವತ್ತು ಬರೀ ಗಾಳಿ ಬಂತು.

ಡಾಕ್ಟರು ಚೀಲ ಮುಚ್ಚುತ್ತ ಹೇಳಿದ್ದನ್ನು ನನ್ನ ಗಂಡ ಬಾಗಿಲಾಚೆ ನಿಂತ ತಂದೆಗೆ ಕನ್ನಡದಲ್ಲಿ ಹೇಳಿದರು: "ಲಕವಾ ಅಲ್ಲಂತ ಅಪ್ಪಾ. ಲಕವಾ ಹೊಡದರ ಬಾಯಿ ಸೊಟ್ಟ ಆಗತದ, ಹಣಿ ನಡೀತದಂತ. ಇಕೀದು ಹಣೀನೂ ನಿಂತದ, ಕೈ ಗಟ್ಟಿ ಅದ. ಅಂದ್ರ ತಲಿಯೊಳಗ ಏನೂ ಆಗಿಲ್ಲ. ಕಿವಿ ಹತ್ರದಿಂದ ಮಾರಿಗೆ ಒಂದು ನರ ಬರತದಂತ, ಅದು ಕೆಟ್ಟದಂತ."

ಆಗ ಡಾಕ್ಟರು ಕೇಳಿದರು, ಸರಿಯಾದ ಪ್ರಶ್ನೆಯನ್ನೇ ಕೇಳಿದರು: ಕಿವಿಯಲ್ಲಿ ನೋವು ಏನಾದರೂ ಇತ್ತೇ?

ಕೇಳಿದ್ದು ನನ್ನನ್ನು ನೋಡಿ. ಉತ್ತರ ಕೊಟ್ಟದ್ದು ಅತ್ತೆ. ಹೊರಗಿನ ಗಂಡಸು ಏನು ಕೇಳಿದರೂ ಸೊಸೆಯ ಪರವಾಗಿ ಅತ್ತೆ ಹೇಳುವುದು ನಮ್ಮ ಪದ್ಧತಿ. ಅತ್ತೆ ತಮ್ಮ ಮರಾಠಿಯಲ್ಲಿ, "ಕಾನಾಲಾ ಕಾಹೀ ನಾಹೀ" ಅಂದರು, ಕಿವಿಗೆ ಏನೂ ಇಲ್ಲ ಎಂದು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವರ ಪ್ರಕಾರ ಕಿವಿಗೆ ಇಂಗು ಬಿದ್ದಿತ್ತು, ಮುಗಿದಿತ್ತು. ನಾನು ಸೆರಗಿನೊಳಗೆ ಬಾಯಿ ಬಿಡಲು ಹೋದೆ. ಅತ್ತೆಯ ಮೊಣಕೈ ನನ್ನ ಪಕ್ಕೆಗೆ ತಾಗಿತು. ಸುಮ್ಮನಾದೆ. ಪರರ ಮುಂದೆ ಅತ್ತೆಯ ಮಾತು ತಿರುವಿ ಹಾಕುವುದೆಂದರೆ ಸಿಳ್ಳೆ ಹಾಕಿದ್ದಕ್ಕಿಂತ ಕೆಟ್ಟದ್ದು. ಇವತ್ತು ಕೇಳಿದರೆ ಅದು ಪೆದ್ದುತನ ಅನ್ನುತ್ತೇನೆ. ಅವತ್ತು ಅದು ಮರ್ಯಾದೆ.

ಹಾಗಿದ್ದರೆ ತಂಡಿ ಗಾಳಿ ತಾಗಿರಬೇಕು, ಕೆಲವು ವಾರ ದಾರಿ ನೋಡಿ, ಕಣ್ಣಿಗೆ ಬಟ್ಟೆ ಕಟ್ಟಿ ಎಂದು ಹೇಳಿ ಡಾಕ್ಟರು ಹೋದರು. ಮಾವನಿಗೆ ಅದು ಹಿಡಿಸಲಿಲ್ಲ.

"ದಾರಿ ನೋಡ್ರಿ ಅಂದಾ. ದಾರಿ ನೋಡಾಕ ಡಾಕ್ಟರ ಯಾಕ ಬೇಕಲೇ? ನಮಗ ನೋಡಾಕ ಬರೂದಿಲ್ಲೇನು?" ಎಂದು ಮಗನನ್ನು ಗದರಿಸಿದರು. ಆಮೇಲೆ ತೀರ್ಪು ಕೊಟ್ಟರು: "ರವಿವಾರ ಸಾಸವಡದಿಂದ ಬರಿ ಹಾಕೂ ಮುದುಕ ಬರತಾನ. ಕೆನ್ನಿಗೆ ಒಂದು, ಕಿವಿ ಬುಡಕ್ಕ ಒಂದು. ಮುಗದ ಹೋಗತದ."

ಬರೆ ಎಂದರೆ ಕಾಸಿದ ಕಬ್ಬಿಣ. ಆಗ ಎಲ್ಲದಕ್ಕೂ ಬರೆಯೇ. ಕಾಮಾಲೆಗೆ ಬರೆ, ಹೊಟ್ಟೆನೋವಿಗೆ ಬರೆ, ರಚ್ಚೆ ಹಿಡಿದ ಕೂಸಿಗೂ ಬರೆ. ಮಾವನ ಹೊಟ್ಟೆಯ ಮೇಲೆಯೇ ಮೂರು ಇದ್ದವು. ಚಿಕ್ಕಂದಿನಲ್ಲಿ ಹಾಕಿಸಿದ್ದು, ಅದರಿಂದಲೇ ಬದುಕಿದೆ ಎಂದು ಅಂಗಿ ಎತ್ತಿ ತೋರಿಸುತ್ತಿದ್ದರು. ಹೊಟ್ಟೆಯ ಮೇಲೆ ಅಂಗಿ ಮುಚ್ಚುತ್ತದೆ. ಕೆನ್ನೆಯ ಮೇಲೆ ಏನು ಮುಚ್ಚುತ್ತದೆ? ನಮ್ಮ ಚಿಕ್ಕವ್ವನಿಗೆ ಹೀಗೆಯೇ ಹಾಕಿದ್ದರು. ಬಾಯಿ ಸರಿಯಾಯಿತು, ಅದು ತಾನಾಗಿಯೇ ಆಗುತ್ತಿತ್ತೋ ಯಾರಿಗೆ ಗೊತ್ತು. ಕೆನ್ನೆ ಮಾತ್ರ ಸಾಯುವವರೆಗೆ ಸುಟ್ಟ ಚಪಾತಿಯ ಹಾಗೆ ಇತ್ತು. ನಾನೇನು ಚೆಲುವೆಯಲ್ಲ. ಇದ್ದದ್ದು ಒಂದು ಮುಖ, ಅದನ್ನು ಸುಡಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ನನ್ನ ಕೈಯಲ್ಲಿ ಮೂರೇ ದಿನ ಇದ್ದವು.

ಶುಕ್ರವಾರ ನಲ್ಲಿಯ ಹತ್ತಿರ ಮಾಲಕೀಣಬಾಯಿ ಮತ್ತೆ ಸಿಕ್ಕರು. ವಾಡೆಯ ಎಲ್ಲ ಮನೆಗಳ ಸುದ್ದಿಯೂ ಬಾಡಿಗೆಯ ಜೊತೆ ಅವರಿಗೆ ಸಲ್ಲಬೇಕು. ಡಾಕ್ಟರು ಏನಂದರು ಎಂದು ಕೇಳಿದರು. ನನ್ನ ಮರಾಠಿ ಆಗ ಬಹಳ ಕಚ್ಚಾ. ಅದರ ಮೇಲೆ ತುಟಿ ಕೂಡುತ್ತಿರಲಿಲ್ಲ, ಪ, ಬ, ಮ ಬರುವ ಮಾತೆಲ್ಲ ಗಾಳಿಯಾಗಿ ಹೋಗುತ್ತಿತ್ತು. ಹೇಗೋ ಹೇಳಿದೆ: ನರ ಅಂದರು, ಕಿವಿ ಕೇಳಿದರು, ಅತ್ತೆ ಇಲ್ಲ ಅಂದರು, ಮಾವ ರವಿವಾರ ಬರೆ ಅಂದರು, ಕಿವಿ ನೋಯುತ್ತದೆ.

"ನೋಯತದ ಅಂತ ನೀ ಯಾಕ ಹೇಳಲಿಲ್ಲ?" ಮಾಲಕೀಣಬಾಯಿ ಅಷ್ಟಿಷ್ಟು ಕನ್ನಡ ಆಡುತ್ತಿದ್ದರು. ಬಾಡಿಗೆ ವಸೂಲಿಗೆ ಕಲಿತದ್ದು, ಬೈಯಲು ಸಾಕಾಗುತ್ತಿತ್ತು.

"ಅತ್ತಿ ಇದ್ದರು."

"ಅತ್ತಿಗೆ ಹಾಕತಾರ ಬರಿ? ನಿನಗ ಹಾಕತಾರ. ಚಲ, ಸೆರಗ ಹೊದ್ಕೋ."

ಅವರೇ ನಮ್ಮ ಬಾಗಿಲಲ್ಲಿ ನಿಂತು, ಶುಕ್ರವಾರ ಅಲ್ಲವೇ, ದೇವಿಯ ಗುಡಿಗೆ ಸೊಸೆಯನ್ನು ಕರೆದೊಯ್ಯುತ್ತೇನೆ ಅಂದರು. ಒಡತಿ ಕರೆದರೆ ಅತ್ತೆ ಇಲ್ಲ ಅನ್ನುವಂತಿಲ್ಲ. ಗುಡಿಗೂ ಹೋದೆವು, ಸುಳ್ಳಾಗಬಾರದೆಂದು. ಹೊರಗಿನಿಂದಲೇ ಕೈ ಮುಗಿದು ಮುಂದಿನ ಗಲ್ಲಿಯ ದವಾಖಾನೆಗೆ ನಡೆದೆವು.

ಡಾಕ್ಟರು ನನ್ನನ್ನು ಗುರುತಿಸಿದರು. ಬೆರಳು ನೆನಪಾಗಿರಬೇಕು. ಮಾಲಕೀಣಬಾಯಿ ಅವರಿಗೆ ನಮಸ್ಕಾರವನ್ನೂ ಹೇಳದೆ ನನ್ನ ಸೆರಗು ಹಿಂದಕ್ಕೆ ಜಗ್ಗಿ, ಕಿವಿಯನ್ನು ಬೆಳಕಿಗೆ ಹಿಡಿದು, "ಹಾ ಬಘಾ ಕಾನ" ಅಂದರು, ಈ ಕಿವಿ ನೋಡಿ ಎಂದು. ಡಾಕ್ಟರು ಅರಳೆಯನ್ನು ಚಿಮಟಿಗೆಯಿಂದ ಎಳೆದರು. ದವಾಖಾನೆ ಪೂರ್ತಿ ಇಂಗಿನ ವಾಸನೆ. ಔಷಧಿ ಕಲಸುತ್ತಿದ್ದ ಕಂಪೌಂಡರ ತಲೆ ಎತ್ತಿ, ಎಲ್ಲಿ ಒಗ್ಗರಣೆ ಅಂತ ನೋಡಿದ.

ಡಾಕ್ಟರು ಹಣೆಗೆ ಕಟ್ಟಿಕೊಂಡ ದುಂಡು ಕನ್ನಡಿಯಿಂದ ಬೆಳಕು ಬಿಟ್ಟು ಒಳಗೆ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ, "ಗೋಚೀಡ ಆಹೇ" ಅಂದರು. ಗೋಚೀಡ ಎಂದರೆ ಉಣ್ಣಿ, ದನಗಳ ಮೈಮೇಲೆ ಕಚ್ಚಿಕೊಂಡು ರಕ್ತ ಕುಡಿದು ಉಬ್ಬುವ ಹುಳ. ನಮ್ಮ ಆಕಳ ಪಕ್ಕೆಯಿಂದ ನನ್ನ ಕಿವಿಗೆ ಬಂದು ಒಂದು ವಾರದಿಂದ ಸಂಸಾರ ಮಾಡಿತ್ತು. ಅತ್ತೆ ಅರಳೆ ತುರುಕಿ ಅದಕ್ಕೆ ಬಾಗಿಲು ಹಾಕಿಕೊಟ್ಟಿದ್ದರು.

ಬೆಚ್ಚಗಿನ ಎಣ್ಣೆ ಬಿಟ್ಟು, ನನ್ನನ್ನು ಮಗ್ಗುಲಾಗಿ ಮಲಗಿಸಿ, ಬಹಳ ಹೊತ್ತು ಬಿಟ್ಟು ಸಣ್ಣ ಚಿಮಟಿಗೆ ಹಾಕಿ ಎಳೆದರು. ನೋವು ಹೇಗಿತ್ತು ಎಂದು ಕೇಳಬೇಡಿ. ನಾನು ಅಳಲಿಲ್ಲ. ಅತ್ತಿದ್ದರೂ ಎಡಗಣ್ಣು ಹೇಗೂ ಸುರಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಸರುಕಾಳಿನಷ್ಟು ದಪ್ಪ, ಬೂದು ಬಣ್ಣ. ಕಾಲುಗಳನ್ನು ಇನ್ನೂ ಆಡಿಸುತ್ತಿತ್ತು. ಸಣ್ಣ ಶೀಶೆಯಲ್ಲಿ ಹಾಕಿ ಸ್ಪಿರಿಟ್ ಸುರಿದು ಬೂಚು ಒತ್ತಿದರು. ನರ ಬಾತುಕೊಂಡಿದೆ, ಹುಳ ಹೋಯಿತೆಂದು ಇವತ್ತೇ ನೆಟ್ಟಗಾಗುವುದಿಲ್ಲ, ಮೂರು ನಾಲ್ಕು ವಾರ ಹಿಡಿಯಬಹುದು ಅಂದರು.

ಅದೇ ನನ್ನ ಗೋಳು. ರವಿವಾರಕ್ಕೆ ಎರಡು ದಿನ, ಬಾಯಿಗೆ ಮೂರು ವಾರ.

ಶೀಶೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ. ಕದ್ದು ಹೋಗಿದ್ದೆನಲ್ಲ, ಅತ್ತೆಗೆ ತೋರಿಸುವ ಹಾಗಿರಲಿಲ್ಲ. ಸಂಜೆ ಗಂಡ ಹಿತ್ತಲಿಗೆ ಕಾಲು ತೊಳೆಯಲು ಬಂದಾಗ ಚರಿಗೆಯ ಜೊತೆ ಶೀಶೆಯನ್ನೂ ಕೈಗೆ ಕೊಟ್ಟು ಎಲ್ಲ ಹೇಳಿದೆ. ಅವರು ಶೀಶೆ ಅಲ್ಲಾಡಿಸಿ ನೋಡಿ ನನಗೇ ತಿರುಗಿ ಕೊಟ್ಟರು.

"ಅಪ್ಪಗ ಹೇಳತೀನಿ."

"ಯಾವಾಗ?"

"ಟೈಮ ನೋಡಿ ಹೇಳತೀನಿ."

ಶನಿವಾರ ಪೂರ್ತಿ ಅವರಿಗೆ ಟೈಮು ಕಾಣಲಿಲ್ಲ. ಒಳ್ಳೆಯ ಮನುಷ್ಯ, ನನ್ನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ಆದರೆ ತಂದೆಯ ಮುಂದೆ ಅವರ ನಾಲಿಗೆಗೂ ನನ್ನ ಎಡಗೆನ್ನೆಗೂ ಏನೂ ಫರಕಿರಲಿಲ್ಲ.

ರವಿವಾರ ಹೊತ್ತು ಏರುವ ಮೊದಲೇ ಮುದುಕ ಬಂದ. ಸಾಸವಡದ ಕಡೆಯ ಕುರುಬ, ಹೆಗಲ ಮೇಲೆ ಕಂಬಳಿ, ತಲೆಗೆ ದೊಡ್ಡ ರುಮಾಲು. ಅಂಗಳದಲ್ಲಿ ಕುಳ್ಳಿನ ಬೆಂಕಿ ಮಾಡಿ ಅದರಲ್ಲಿ ಕಬ್ಬಿಣದ ಸಲಾಕೆ ಇಟ್ಟ. ವಾಡೆಯವರೆಲ್ಲ ಬಾಗಿಲಿಗೆ ಬಂದರು. ನೋಡಲು ಇದಕ್ಕಿಂತ ಚೆನ್ನಾದದ್ದು ಆ ರವಿವಾರ ಬೇರೆ ಇರಲಿಲ್ಲ. ಮಾವ ಕಟ್ಟೆಯ ಮೇಲೆ ಕೂತರು. ಗಂಡ ಅವರ ಹಿಂದೆ ನಿಂತರು. ಸಲಾಕೆಯ ತುದಿ ಕೆಂಪಾಗುತ್ತ ಬಂತು. ಅತ್ತೆ ನನ್ನ ಭುಜ ಹಿಡಿದು ಮುಂದೆ ತಂದರು.

ಮೂರು ವರ್ಷದಲ್ಲಿ ನಾನು ಮಾವನ ಜೊತೆ ಒಂದು ಮಾತೂ ಆಡಿರಲಿಲ್ಲ. ಸೊಸೆ ಆಡಬಾರದು. ಏನಾದರೂ ಹೇಳಲೇಬೇಕಾದರೆ ಅವರು ಇರುವಾಗ ಆಕಳಿಗೋ ಬಾಗಿಲಿಗೋ ಹೇಳಬೇಕು, ಅವರು ಕೇಳಿಸಿಕೊಂಡು ಗೋಡೆಗೆ ಉತ್ತರ ಕೊಡುತ್ತಿದ್ದರು. ಅವತ್ತು ಆಕಳು ಹಿತ್ತಲಲ್ಲಿತ್ತು. ನಾನು ಶೀಶೆ ತೆಗೆದು ನೇರವಾಗಿ ಮಾವನ ಮುಂದೆ ಕಟ್ಟೆಯ ಮೇಲೆ ಇಟ್ಟೆ.

"ಮಾವಾರ, ನಾ ಬರಿ ಹಾಕಿಸ್ಕೊಳ್ಳಾಂಗಿಲ್ಲ. ಕಿವ್ಯಾಗ ಇದು ಇತ್ತು. ಶುಕ್ರವಾರ ಡಾಕ್ಟರ ತಗದಾರ. ಬಾಯಿ ತಾನ ನೆಟ್ಟಗ ಆಗತದ. ಆಗದಿದ್ದರೂ ನನ್ನ ಬಾಯಿ ಸೊಟ್ಟ ಇರಲಿ."

ಸೊಟ್ಟ ಬಾಯಿಯಿಂದ ಇದು ಎಷ್ಟು ತಿಳಿಯಿತೋ ಗೊತ್ತಿಲ್ಲ. ಮಾವ ಸುತ್ತ ನೋಡಿ, "ಯಾರು ಮಾತಾಡಿದ್ದು?" ಅಂದರು.

"ನಿಮ್ಮ ಸೊಸಿ," ಅಂದರು ಅತ್ತೆ, ನನ್ನ ಭುಜದಿಂದ ಕೈ ತೆಗೆದು. "ಕಿವಿಗೆ ನಾ ಇಂಗ ಹಾಕೇನಿ! ಹುಳ ಎಲ್ಲಿಂದ ಬಂತು? ಇಷ್ಟಕ್ಕ ಯಾರದಾದರೂ ಬಾಯಿ ಸೊಟ್ಟ ಆಗತದೇನು? ಆ ಡಾಕ್ಟರ ಶೀಶ್ಯಾಗ ಮೊದಲ ಇತ್ತೋ ಏನೋ!"

ಆಗ ಗಂಡ ಹಿಂದಿನಿಂದ, "ಹೌದ ಅಪ್ಪಾ" ಅಂದರು. ಯಾವುದಕ್ಕೆ ಹೌದು ಎಂದು ಯಾರಿಗೂ ತಿಳಿಯಲಿಲ್ಲ.

ಮಾವ ಶೀಶೆಯನ್ನು ಮುಟ್ಟದೆ ಮುದುಕನ ಕಡೆ ತಳ್ಳಿದರು. ಅವನು ಸಲಾಕೆ ಬಿಟ್ಟು ಶೀಶೆಯನ್ನು ಕಣ್ಣ ಹತ್ತಿರ ಹಿಡಿದ, ತಿರುವಿ ನೋಡಿದ. ಮೂಗಿನಲ್ಲಿ ಸದ್ದು ಮಾಡಿದ. ಆಮೇಲೆ ಮರಾಠಿಯಲ್ಲಿ ಹೇಳಿದ್ದು ಇಷ್ಟು: ಕುರಿಯ ಕಿವಿಗೆ ಇದು ಹತ್ತಿದರೆ ಕುರಿಯ ಮುಖ ಜೋತುಬೀಳುತ್ತದೆ, ಬೆನ್ನಿಗೆ ಹತ್ತಿದರೆ ಕೆಲವು ಮರಿ ಕಾಲು ಸೋತು ಕೂತುಬಿಡುತ್ತವೆ. ಹುಳ ಹುಡುಕಿ ಕಿತ್ತರೆ ಏಳುತ್ತವೆ, ಕೀಳದಿದ್ದರೆ ಸಾಯುತ್ತವೆ. ಅದಕ್ಕೆ ಬರೆ ಹಾಕಿದರೆ ಕುರಿಯ ಉಣ್ಣೆ ಸುಡುತ್ತದೆ, ಬೇರೇನೂ ಇಲ್ಲ.

"ಹಂಗಾರ ಬರಿ ಬ್ಯಾಡೇನು?" ಮಾವ ಕೇಳಿದರು. ಡಾಕ್ಟರ ಮಾತು ಅವರಿಗೆ ಗಾಳಿ. ಕುರಿಯ ಮಾತು ಲೋಕಾನುಭವ.

"ಕಶಾಲಾ?" ಅಂದ ಮುದುಕ. ಯಾತಕ್ಕೆ? ಸಲಾಕೆಯನ್ನು ಬೆಂಕಿಯಿಂದ ತೆಗೆದು ನೀರಿನ ಬಕೀಟಿನಲ್ಲಿ ಅದ್ದಿದ. ಚುಂಯ್ ಅಂದಿತು. ವಾಡೆಯವರಿಗೆ ಬೇಸರವಾಯಿತು, ಒಬ್ಬೊಬ್ಬರಾಗಿ ಒಳಗೆ ಹೋದರು. ನಾನು ಅಲ್ಲೇ ಕೂತೆ.

ಮುದುಕ ಹಿತ್ತಲಿಗೆ ಹೋಗಿ ಆಕಳ ಕಿವಿ, ಬಾಲದ ಬುಡ, ಕೆಚ್ಚಲ ಸಂದು ಎಲ್ಲ ಬಿಡಿಸಿ ನೋಡಿ ಒಂದು ಹಿಡಿ ಉಣ್ಣಿ ಕಿತ್ತು ಬೆಂಕಿಗೆ ಹಾಕಿದ. ಪಟಪಟ ಸಿಡಿದವು. ಇಷ್ಟು ಇಟ್ಟುಕೊಂಡು ಮನೆಯವರ ಮುಖಕ್ಕೆ ಬರೆ ಹಾಕಿಸುತ್ತೀರಾ ಎಂದು ಮಾವನಿಗೇ ಬೈದ. ಮಾವ ಬೈಸಿಕೊಂಡರು. ರೊಟ್ಟಿ ಉಂಡು, ಹೆಂಡತಿಗೆಂದು ಒಂದು ಖಣ ಕಟ್ಟಿಸಿಕೊಂಡು ಹೋದ.

ಬಾಯಿ ನೆಟ್ಟಗಾಗಲು ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ದಿನ ಹಿಡಿಯಿತು. ಮೊದಲು ಕಣ್ಣು ಮುಚ್ಚಿತು, ಆಮೇಲೆ ಹಣೆ ಗೆರೆ ಬಿಟ್ಟಿತು, ಕೊನೆಗೆ ತುಟಿ. ಅಷ್ಟು ದಿನವೂ ಅತ್ತೆ ದಿನಾ ಬೆಳಗ್ಗೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಇಂಗಿನ ಡಬ್ಬಿ ಅಡುಗೆಗೆ ಬಿಟ್ಟು ಬೇರೆ ಯಾವುದಕ್ಕೂ ಹೊರಗೆ ಬರಲಿಲ್ಲ. ಒಂದು ದಿನ ಹಾಗೆಯೇ ತಿರುಗಿಸಿ ನೋಡಿ, ಗದ್ದ ಬಿಟ್ಟು, ರೊಟ್ಟಿಯ ಹಿಟ್ಟಿಗೆ ಕೈ ಹಾಕಿದರು.

"ಬಾಯಿ ನೆಟ್ಟಗ ಆತು. ಇನ್ನ ಮಾವನ ಮುಂದ ಮಾತು ಸಾಕು ಮಾಡು."

"ಸಾಕು ಮಾಡಾಂಗಿಲ್ಲರಿ ಅತ್ತಿ," ಅಂದೆ. ಪ, ಬ, ಮ ಎಲ್ಲ ಸರಿಯಾಗಿ ಬಂದವು. ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ ಮಾವ ಗೋಡೆಯ ಕಡೆ ತಿರುಗದೆ ನನ್ನನ್ನೇ ನೋಡಿ, ಆಕಳು ಹಿಂಡಿ ಆಯಿತೇ ಎಂದು ಕೇಳಿದರು. ಆಗಿದೆ, ಮೈಯೂ ನೋಡಿದ್ದೇನೆ, ಇವತ್ತು ಎರಡೇ ಉಣ್ಣಿ ಸಿಕ್ಕವು ಅಂದೆ.